ನಿನ್ನೆಗಿಂತ 1 ಕೆಜಿ ಜಾಸ್ತಿ ತೋರಿಸಿತಾ? ದಿನದ ತೂಕದ ಏರಿಳಿತವನ್ನು ಅರ್ಥ ಮಾಡಿಕೊಳ್ಳುವ ಕ್ರಮ

ತೂಕ ಇಳಿಸಲು ಹೊರಟವರಲ್ಲಿ ತುಂಬ ಜನ ಸೋಲುವುದು ತೂಕದ ಮಷೀನ್ ಮುಂದೆ. ಎರಡು ವಾರ ಎಲ್ಲ ಚೆನ್ನಾಗಿ ನಡೆಯುತ್ತದೆ. ಮೂರನೇ ವಾರ ಒಂದು ಬೆಳಗ್ಗೆ ಮಷೀನ್ ಏಕಾಏಕಿ 1 ಕೆಜಿ ಜಾಸ್ತಿ ತೋರಿಸುತ್ತದೆ. ಅವತ್ತು ಗಾಬರಿಯಲ್ಲಿ ತಿಂಡಿ ಬಿಡುತ್ತಾರೆ. ಮಧ್ಯಾಹ್ನ ಬರೀ ಸೌತೆಕಾಯಿ. ಸಂಜೆ ಹಸಿವು ತಡೆಯಲಾಗದೆ ಕೈಗೆ ಸಿಕ್ಕಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಹೀಗೆ ಮೂರ್ನಾಲ್ಕು ಸಲ ಆದಮೇಲೆ "ನನ್ನ ಮೈಗೆ ಯಾವ ಡಯಟ್ಟೂ ಹತ್ತಲ್ಲ" ಎಂದು ಬಿಟ್ಟೇಬಿಡುತ್ತಾರೆ. ನಿಜ ಏನೆಂದರೆ, ಆ ವಾರವೂ ಕೊಬ್ಬು ಕರಗುತ್ತಲೇ ಇತ್ತು.

ಲೆಕ್ಕ ನೋಡಿ. ಮೈಯ 1 ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ಅವತ್ತು ಕರಗುವುದು ಹತ್ತಿರ ಹತ್ತಿರ 65 ಗ್ರಾಂ. ಮನೆಯ ಮಷೀನ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಅತಿ ಸಣ್ಣ ವ್ಯತ್ಯಾಸವೇ 100 ಗ್ರಾಂ. ಒಂದು ಲೋಟ ನೀರು ಕುಡಿದರೆ 200 ಗ್ರಾಂ ಏರುತ್ತದೆ. ಅಂದರೆ ಒಂದು ದಿನದ ನಿಮ್ಮ ಶ್ರಮ ಆ ಅಂಕಿಯಲ್ಲಿ ಕಾಣುವುದೇ ಇಲ್ಲ. ಅಲ್ಲಿ ಕಾಣುವುದು ನೀರು, ಉಪ್ಪು, ಹೊಟ್ಟೆಯಲ್ಲಿರುವ ಊಟ.

ಹಾಗಂತ ಮಷೀನ್ ಎಸೆಯಬೇಕಿಲ್ಲ. ಸರಿಯಾದ ಕ್ರಮದಲ್ಲಿ ಬಳಸಿದರೆ ಅದು ನಿಜವನ್ನೇ ಹೇಳುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಎರಡು ಹಂತ ಸಡಿಲವಾದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

## ಬೇಕಾಗುವ ಸಾಮಾನು

100 ಗ್ರಾಂ ತನಕ ತೋರಿಸುವ ಸಾಧಾರಣ ಡಿಜಿಟಲ್ ಮಷೀನ್ ಒಂದು. ದುಬಾರಿಯದು ಬೇಡ. ಕೊಬ್ಬು ಎಷ್ಟು ಶೇಕಡಾ, ಸ್ನಾಯು ಎಷ್ಟು ಎಂದೆಲ್ಲ ತೋರಿಸುವ ಸ್ಮಾರ್ಟ್ ಮಷೀನ್ ಈಗಾಗಲೇ ಇದ್ದರೆ ತೂಕದ ಅಂಕಿಯನ್ನು ಮಾತ್ರ ತೆಗೆದುಕೊಳ್ಳಿ. ಅದು ಪಾದದ ಮೂಲಕ ಸಣ್ಣ ಕರೆಂಟ್ ಹಾಯಿಸಿ ಕೊಬ್ಬನ್ನು ಅಂದಾಜು ಮಾಡುತ್ತದೆ. ಮೈಯಲ್ಲಿ ನೀರು ಹೆಚ್ಚು ಕಡಿಮೆ ಆದರೆ ಆ ಅಂದಾಜೂ ಅಲುಗುತ್ತದೆ. ಬೆಳಗ್ಗೆ ಒಂದು, ಸಂಜೆ ಒಂದು ತೋರಿಸುವ ಕೊಬ್ಬಿನ ಅಂಕಿಗೆ ತಲೆ ಕೆಡಿಸಿಕೊಳ್ಳಬೇಡಿ.

ಟೇಲರ್ ಬಳಸುವ ಅಳತೆ ಟೇಪ್ ಒಂದು.

ಬರೆಯಲು ಗೋಡೆಯ ಕ್ಯಾಲೆಂಡರ್. ಆ್ಯಪ್‌ಗಳಿವೆ ನಿಜ, ಆದರೆ ನಮ್ಮ ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ದೊಡ್ಡ ಚೌಕಗಳ ಕ್ಯಾಲೆಂಡರ್ ಈ ಕೆಲಸಕ್ಕೆ ಹೆಚ್ಚು ವಾಸಿ ಎಂಬುದು ನನ್ನ ಅನುಭವ. ಅದರಲ್ಲಿ ಹಬ್ಬ, ಏಕಾದಶಿ, ಸಂಕಷ್ಟಿ ಮೊದಲೇ ಅಚ್ಚಾಗಿರುತ್ತದೆ. ತೂಕ ಏರಿದ ದಿನದ ಹಿಂದಿನ ಚೌಕದಲ್ಲೇ "ಯುಗಾದಿ" ಎಂದಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ಅಲ್ವಾ?

## ಹಂತ 1: ಮಷೀನ್ ನಂಬಬಹುದೇ ಎಂದು ನೋಡಿ

1. ಗಟ್ಟಿ ನೆಲದ ಮೇಲಿಡಿ. ಟೈಲ್ಸ್, ಗ್ರಾನೈಟ್, ಸಿಮೆಂಟ್ ಸರಿ. ಕಾರ್ಪೆಟ್, ಕಾಲೊರಸು, ರಬ್ಬರ್ ಮ್ಯಾಟ್ ಬೇಡ. ಅಡಿಯಲ್ಲಿರುವ ನಾಲ್ಕು ಕಾಲುಗಳಲ್ಲಿ ತೂಕ ಅಳೆಯುವ ಸೆನ್ಸರ್ ಇರುತ್ತವೆ. ಒಂದು ಕಾಲು ಟೈಲ್ಸ್ ಸಂದಿಯಲ್ಲಿ ಕೂತರೂ ಅಂಕಿ ಬದಲಾಗುತ್ತದೆ. ಬಚ್ಚಲುಮನೆಯ ಇಳಿಜಾರು ನೆಲವಂತೂ ಬೇಡವೇ ಬೇಡ.

2. ಜಾಗ ಬದಲಿಸಿದ ಮೇಲೆ ಒಮ್ಮೆ ಕಾಲಿನಿಂದ ಒತ್ತಿ, 0.0 ಬರುವ ತನಕ ಕಾದು, ನಂತರ ಹತ್ತಿ. ಮಂಚದ ಕೆಳಗಿನಿಂದ ದಿನಾ ಎಳೆದು, ತಕ್ಷಣ ಹತ್ತಿ ನಿಲ್ಲುವವರಿಗೆ ಬರುವ ಅರ್ಧ ಕೆಜಿ ವ್ಯತ್ಯಾಸ ಎಷ್ಟೋ ಸಲ ಇಲ್ಲಿಂದಲೇ ಬಂದಿರುತ್ತದೆ. ಒಂದೇ ಜಾಗದಲ್ಲಿ ಬಿಟ್ಟುಬಿಡುವುದು ಒಳ್ಳೆಯದು.

3. ಅಕ್ಕಿ ಪರೀಕ್ಷೆ ಮಾಡಿ. ಬರಿಗೈಯಲ್ಲಿ ಹತ್ತಿ, ಅಂಕಿ ಬರೆದುಕೊಳ್ಳಿ. ಆಮೇಲೆ ಒಡೆಯದ 5 ಕೆಜಿ ಅಕ್ಕಿ ಪ್ಯಾಕೆಟ್ ಎತ್ತಿಕೊಂಡು ಹತ್ತಿ. ವ್ಯತ್ಯಾಸ 4.9ರಿಂದ 5.2ರ ಒಳಗಿದ್ದರೆ ಮಷೀನ್ ಚೆನ್ನಾಗಿದೆ. ಇದನ್ನು ಮೂರು ಸಲ ಮಾಡಿ. ಒಮ್ಮೆ 4.3, ಒಮ್ಮೆ 5.8 ಬರುತ್ತಿದ್ದರೆ ಮೊದಲು ಬ್ಯಾಟರಿ ಬದಲಿಸಿ. ಆಗಲೂ ಹಾಗೇ ಇದ್ದರೆ ಮಷೀನ್ ಬದಲಿಸಿ.

ಇಲ್ಲಿ ಒಂದು ಮೋಸವಿದೆ. ತುಂಬ ಮಷೀನ್‌ಗಳು ಹಿಂದಿನ ಅಂಕಿಯನ್ನು ನೆನಪಿಟ್ಟುಕೊಳ್ಳುತ್ತವೆ. ಇಳಿದು ಮತ್ತೆ ಹತ್ತಿದಾಗ ವ್ಯತ್ಯಾಸ ಸ್ವಲ್ಪವೇ ಇದ್ದರೆ ಹಳೆಯ ಅಂಕಿಯನ್ನೇ ತೋರಿಸುತ್ತವೆ. "ಮೂರು ಸಲವೂ 71.4 ಬಂತು, ಮಷೀನ್ ಪಕ್ಕಾ ಇದೆ" ಎಂದು ಅದಕ್ಕೇ ನಂಬಬಾರದು. ನಡುವೆ ಅಕ್ಕಿ ಪ್ಯಾಕೆಟ್ ಹಿಡಿದು ಒಮ್ಮೆ ಹತ್ತಿದರೆ ಆ ನೆನಪು ಅಳಿಯುತ್ತದೆ.

ಮಷೀನ್ ತೋರಿಸುವ ತೂಕ ನಿಮ್ಮ ನಿಜ ತೂಕಕ್ಕಿಂತ 600 ಗ್ರಾಂ ಹೆಚ್ಚಿದ್ದರೂ ತೊಂದರೆಯಿಲ್ಲ. ದಿನಾ ಅದೇ 600 ಗ್ರಾಂ ಹೆಚ್ಚು ತೋರಿಸಿದರೆ ಸಾಕು, ಇಳಿಕೆಯ ಲೆಕ್ಕ ಸರಿಯಾಗೇ ಬರುತ್ತದೆ. ಕೆಲಸ ಕೆಡುವುದು ಮನೆಯಲ್ಲೊಮ್ಮೆ, ಜಿಮ್‌ನಲ್ಲೊಮ್ಮೆ, ಮೆಡಿಕಲ್ ಶಾಪ್ ಮುಂದೊಮ್ಮೆ ನೋಡಿದಾಗ.

## ಹಂತ 2: ಹೊತ್ತು ಮತ್ತು ಸ್ಥಿತಿ ಒಂದೇ ಇರಲಿ

ಕ್ರಮ ಹೀಗೆ: ಬೆಳಗ್ಗೆ ಏಳಿ, ಶೌಚ ಮುಗಿಸಿ, ನೀರು ಕಾಫಿ ಯಾವುದೂ ಕುಡಿಯುವ ಮೊದಲು, ತೆಳು ಬಟ್ಟೆಯಲ್ಲಿ ಹತ್ತಿ. ಮೊಬೈಲ್ ಕೈಯಲ್ಲಿ ಬೇಡ. ಎರಡೂ ಪಾದದ ಮೇಲೆ ಭಾರ ಸಮ ಇರಲಿ, ಅಂಕಿ ನಿಲ್ಲುವ ತನಕ ಅಲುಗಬೇಡಿ. ಒಂದೇ ಸಲ ನೋಡಿ, ಬರೆದು ಮುಂದಿನ ಕೆಲಸಕ್ಕೆ ಹೋಗಿ.

ಬೆಳಗ್ಗೆ ಮತ್ತು ರಾತ್ರಿಯ ನಡುವೆ 1ರಿಂದ 2 ಕೆಜಿ ವ್ಯತ್ಯಾಸ ಇರುವುದು ಸಹಜ. ಮಧ್ಯಾಹ್ನ ಒಂದು ತಟ್ಟೆ ಊಟ 500 ಗ್ರಾಂ, ಒಂದು ಲೋಟ ಮಜ್ಜಿಗೆ 200 ಗ್ರಾಂ ಎಂದರೂ ಅಲ್ಲೇ 700 ಗ್ರಾಂ ಮೈಮೇಲೆ ಬಂತು. ಅದು ಕೊಬ್ಬಾಗಿಲ್ಲ, ಇನ್ನೂ ಹೊಟ್ಟೆಯಲ್ಲಿದೆ. ರಾತ್ರಿ ಮಲಗಿದಾಗ ಉಸಿರು, ಬೆವರಿನಲ್ಲಿ ನೀರು ಹೋಗುತ್ತದೆ. ಬೆಳಗ್ಗೆ ಮೂತ್ರ ಹೋಗುತ್ತದೆ. ತೂಕ ಇಳಿಯುತ್ತದೆ.

ನೈಟ್ ಶಿಫ್ಟ್‌ನವರು ಗಡಿಯಾರ ನೋಡಬೇಕಿಲ್ಲ. ನಿಮ್ಮ ದೊಡ್ಡ ನಿದ್ದೆ ಮುಗಿದು ಎದ್ದ ತಕ್ಷಣದ ಹೊತ್ತೇ ನಿಮಗೆ ಬೆಳಗ್ಗೆ. ಶಿಫ್ಟ್ ಬದಲಾದ ವಾರದ ಅಂಕಿಗಳು ಚೆಲ್ಲಾಪಿಲ್ಲಿ ಆಗುತ್ತವೆ. ಆ ವಾರವನ್ನು ಗುರುತು ಹಾಕಿಡಿ.

ಇಲ್ಲಿ ಆಗುವ ತಪ್ಪುಗಳು: ದಿನಕ್ಕೆ ನಾಲ್ಕೈದು ಸಲ ಹತ್ತುವುದು. ವಾಕಿಂಗ್ ಮುಗಿಸಿ ಬೆವರಿದ ಮೇಲೆ ಹತ್ತಿ, "ಒಂದು ಗಂಟೆಗೆ ಅರ್ಧ ಕೆಜಿ ಹೋಯ್ತು" ಎಂದುಕೊಳ್ಳುವುದು. ಹೋದದ್ದು ನೀರು, ಎರಡು ಲೋಟ ಕುಡಿದರೆ ವಾಪಸ್. ನಾಳೆ ಕಡಿಮೆ ತೋರಿಸಲಿ ಎಂದು ಇವತ್ತು ನೀರು ಬಿಡುವುದಂತೂ ಅಪಾಯ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಈ ಆಟ ಆಸ್ಪತ್ರೆಗೆ ಮುಟ್ಟಿಸಬಹುದು.

## ಹಂತ 3: ಅಂಕಿಯ ಪಕ್ಕ ಎರಡು ಪದ ಬರೆಯಿರಿ

ಬರೀ "78.4" ಎಂದು ಬರೆದಿಟ್ಟರೆ ತಿಂಗಳಾದ ಮೇಲೆ ಅದಕ್ಕೆ ಅರ್ಥ ಇರುವುದಿಲ್ಲ. ಪಕ್ಕದಲ್ಲೇ ನಿನ್ನೆ ನಡೆದದ್ದನ್ನು ಎರಡು ಪದದಲ್ಲಿ ಬರೆಯಿರಿ: "ಬೀಗರೂಟ", "ಬಸ್ ಪ್ರಯಾಣ", "ಶೌಚ ಇಲ್ಲ", "ಹೊಸ ವ್ಯಾಯಾಮ", "ನಿದ್ದೆಗೆಟ್ಟೆ". ಹೆಂಗಸರು ಮುಟ್ಟಿನ ಮೊದಲ ದಿನಕ್ಕೆ ಒಂದು ಚುಕ್ಕೆ ಇಡಿ. ಈ ಚುಕ್ಕೆ ಹಂತ 7ರಲ್ಲಿ ಬೇಕೇ ಬೇಕು.

ತಿಂದ ಪ್ರತಿ ತುತ್ತನ್ನೂ ಬರೆಯುವ ಅಗತ್ಯ ಇಲ್ಲ. ಹಾಗೆ ಶುರು ಮಾಡಿದವರು ಹತ್ತು ದಿನಕ್ಕೆ ಸುಸ್ತಾಗಿ ಪುಸ್ತಕವನ್ನೇ ಮುಚ್ಚಿಡುತ್ತಾರೆ.

## ಹಂತ 4: ಏರಿದ ದಿನ ಕಾರಣ ಹುಡುಕಿ

ಅಂಕಿ 500 ಗ್ರಾಂಗಿಂತ ಜಾಸ್ತಿ ಏರಿತು ಎಂದಿಟ್ಟುಕೊಳ್ಳಿ. ಕೆಳಗಿನವನ್ನು ಒಂದೊಂದಾಗಿ ನೋಡುತ್ತ ಹೋಗಿ. ಹತ್ತರಲ್ಲಿ ಒಂಬತ್ತು ಸಲ ಉತ್ತರ ಇಲ್ಲೇ ಸಿಗುತ್ತದೆ.

ಉಪ್ಪು. ಆಸ್ಪತ್ರೆಯಲ್ಲಿ ಹಾಕುವ ನಾರ್ಮಲ್ ಸಲೈನ್‌ನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ. ನಮ್ಮ ರಕ್ತಕ್ಕೆ ಹೊಂದುವ ಪ್ರಮಾಣ ಅದು. ದೇಹ ಈ ಹದ ಬಿಡುವುದಿಲ್ಲ. ಉಪ್ಪು ಜಾಸ್ತಿ ಒಳಗೆ ಹೋದರೆ ಬಾಯಾರಿಕೆ ಹುಟ್ಟಿಸಿ, ಕುಡಿದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ದಿನದ ಲೆಕ್ಕಕ್ಕಿಂತ 4-5 ಗ್ರಾಂ ಉಪ್ಪು, ಅಂದರೆ ಒಂದು ಸಣ್ಣ ಚಮಚದಷ್ಟು, ಹೆಚ್ಚಾಗಿ ಮೈಯಲ್ಲಿ ಉಳಿದರೆ ಅರ್ಧ ಲೀಟರ್ ನೀರು ಜೊತೆಗೇ ಉಳಿಯುತ್ತದೆ. ಮೂತ್ರಪಿಂಡ ಅದನ್ನು ಎರಡು ಮೂರು ದಿನದಲ್ಲಿ ನಿಧಾನವಾಗಿ ಹೊರಗೆ ಹಾಕುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಬಾಳೆಲೆ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಪುಳಿಯೋಗರೆ, ಸಾರು, ಮಜ್ಜಿಗೆ ಎಲ್ಲ ಸೇರಿದರೆ ಈ ಮಿತಿ ಒಂದೇ ಹೊತ್ತಿಗೆ ದಾಟಬಹುದು. ರಸ್ತೆಬದಿಯ ಗೋಬಿ ಮಂಚೂರಿ, ಚಿಪ್ಸ್, ಒಣಮೀನು, ಇನ್‌ಸ್ಟಂಟ್ ನೂಡಲ್ಸ್ ಕೂಡ ಇದೇ ಸಾಲಿನವು. ಬೆಳಗ್ಗೆ ಉಂಗುರ ಬಿಗಿಯಾಗುವುದು, ಕಣ್ಣ ಕೆಳಗೆ ಊದಿಕೊಳ್ಳುವುದು ಉಪ್ಪಿನ ನೀರಿನ ಗುರುತು.

ಅನ್ನ, ಮುದ್ದೆ, ರೊಟ್ಟಿ. ಎಲ್ಲಕ್ಕಿಂತ ಹೆಚ್ಚು ಜನ ದಾರಿ ತಪ್ಪುವುದು ಇಲ್ಲೇ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾವು ತಿಂದ ಅನ್ನ, ರಾಗಿ, ಜೋಳದ ಪಿಷ್ಟದಲ್ಲಿ ಸ್ವಲ್ಪ ಭಾಗವನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 300ರಿಂದ 400 ಗ್ರಾಂ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರು ಇಟ್ಟುಕೊಳ್ಳುತ್ತದೆ. ಒಟ್ಟು ಸೇರಿಸಿದರೆ ಒಂದೂವರೆಯಿಂದ ಎರಡು ಕೆಜಿ ತನಕ ಆಗುತ್ತದೆ.

ಈಗ ಸೋಮವಾರದಿಂದ ಅನ್ನ, ಮುದ್ದೆ ಪೂರ್ತಿ ಬಿಟ್ಟರು ಎನ್ನಿ. ನಾಲ್ಕೈದು ದಿನದಲ್ಲಿ ಗ್ಲೈಕೋಜನ್ ಖಾಲಿಯಾಗುತ್ತ ಬರುತ್ತದೆ, ಅದರ ನೀರೂ ಹೋಗುತ್ತದೆ. ಮಷೀನ್ 2 ಕೆಜಿ ಕಡಿಮೆ ತೋರಿಸುತ್ತದೆ. ಖುಷಿಯೋ ಖುಷಿ. ಭಾನುವಾರ ಮನೆಯಲ್ಲಿ ಬಿಸಿಬೇಳೆಬಾತ್. ಎರಡು ಸಲ ಬಡಿಸಿಕೊಂಡರು. ಸೋಮವಾರ ಒಂದೂವರೆ ಕೆಜಿ ವಾಪಸ್. "ನೋಡಿ, ಒಂದು ದಿನ ಅನ್ನ ತಿಂದಿದ್ದಕ್ಕೆ ಹೀಗಾಯ್ತು, ಅನ್ನವೇ ನನಗೆ ವಿಷ" ಎಂಬ ತೀರ್ಮಾನಕ್ಕೆ ಬರುತ್ತಾರೆ. ಹೋದ 2 ಕೆಜಿಯಲ್ಲಿ ಕೊಬ್ಬು ಸ್ವಲ್ಪವೇ ಇತ್ತು. ಬಂದ ಒಂದೂವರೆ ಕೆಜಿಯಲ್ಲೂ ಅಷ್ಟೇ. ಯಾವ ಡಯಟ್ ಶುರು ಮಾಡಿದರೂ ಮೊದಲ ವಾರದ ದೊಡ್ಡ ಇಳಿಕೆಯಲ್ಲಿ ಹೆಚ್ಚಿನ ಪಾಲು ನೀರಿನದೇ. "ಒಂದೇ ವಾರದಲ್ಲಿ 3 ಕೆಜಿ" ಎಂಬ ಜಾಹೀರಾತು ಮಾರುವುದು ಈ ನೀರನ್ನೇ.

ಆದ್ದರಿಂದ ಎರಡು ಮಾತು. ಮೊದಲ ವಾರದ ಇಳಿಕೆಯನ್ನು ಮುಂದಿನ ವಾರಗಳಿಗೆ ಅಳತೆಗೋಲು ಮಾಡಿಕೊಳ್ಳಬೇಡಿ. ಮತ್ತೆ ಅನ್ನ ತಿಂದ ಮರುದಿನದ ಏರಿಕೆಯನ್ನು ಕೊಬ್ಬು ಎಂದುಕೊಳ್ಳಬೇಡಿ.

ಮುಟ್ಟು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮತ್ತು ಮೊದಲ ಒಂದೆರಡು ದಿನ ಅರ್ಧದಿಂದ 2 ಕೆಜಿ ತನಕ ನೀರು ನಿಲ್ಲಬಹುದು. ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಕೆಲವರಿಗೆ ಏನೂ ಗೊತ್ತಾಗುವುದಿಲ್ಲ, ಕೆಲವರಿಗೆ ಚೂಡಿದಾರದ ಲಾಡಿಯೇ ಬಿಗಿ ಅನ್ನಿಸುತ್ತದೆ. ಆಮೇಲೆ ತಾನಾಗಿ ಇಳಿಯುತ್ತದೆ. ಗಂಡ ಹೆಂಡತಿ ಒಟ್ಟಿಗೆ ಡಯಟ್ ಶುರು ಮಾಡಿದಾಗ ಗಂಡನ ಅಂಕಿ ನೇರ ಇಳಿಯುತ್ತ, ಹೆಂಡತಿಯದು ಹತ್ತು ದಿನ ನಿಂತೇ ಇದ್ದರೆ ಮನಸ್ಸಿಗೆ ನೋವಾಗುತ್ತದೆ. ಮನೆಯ ಇತರರು "ನೀನು ಕದ್ದು ತಿಂತಿದೀಯಾ" ಎಂದು ರೇಗಿಸಬಾರದು. ಇದು ಹಾರ್ಮೋನಿನ ನೀರು, ಅವರ ತಪ್ಪಲ್ಲ.

ಹೊಸ ವ್ಯಾಯಾಮ. ಜಿಮ್‌ಗೆ ಸೇರಿದ ಮೊದಲ ವಾರ, ಚಾರಣ ಹೋಗಿ ಬಂದ ಮೇಲೆ, ಹೊಲದಲ್ಲಿ ಬಹಳ ದಿನದ ನಂತರ ಕೆಲಸ ಮಾಡಿದಾಗ ಮೈಕೈ ನೋವು ಬರುತ್ತದಲ್ಲ, ಆಗ ಸ್ನಾಯುಗಳಲ್ಲಿ ಸಣ್ಣ ಸಣ್ಣ ಗಾಯಗಳಾಗಿರುತ್ತವೆ. ಅದನ್ನು ಸರಿಪಡಿಸಲು ಅಲ್ಲಿ ನೀರು ಸೇರುತ್ತದೆ. ವ್ಯಾಯಾಮ ಶುರು ಮಾಡಿದ ವಾರವೇ ತೂಕ ಏರಿದರೆ ಬೇಸರ ಬೇಡ. ಜಿಮ್‌ಗೆ ಹೋಗುವ ಕೆಲವರು ಸೇವಿಸುವ ಕ್ರಿಯಾಟಿನ್ ಎಂಬ ಪೂರಕ ಪುಡಿ ತೆಗೆದುಕೊಳ್ಳುವವರಿಗೂ ಸ್ನಾಯುವಿನಲ್ಲಿ ನೀರು ಸೇರಿ ಶುರುವಿನಲ್ಲಿ ಒಂದು ಕೆಜಿ ಆಚೀಚೆ ಏರುವುದುಂಟು.

ಶೌಚ. ಎರಡು ದಿನ ಸರಿಯಾಗಿ ಆಗದಿದ್ದರೆ ಆ ಭಾರ ಮಷೀನ್‌ನಲ್ಲಿ ಕಾಣುತ್ತದೆ. ಊಟ ಕಡಿಮೆ ಮಾಡಿದವರಿಗೆ ನಾರು, ನೀರು ಎರಡೂ ಕಡಿಮೆಯಾಗಿ ಮಲಬದ್ಧತೆ ಬರುವುದು ಸಾಮಾನ್ಯ. ಸೊಪ್ಪಿನ ಪಲ್ಯ, ಹೆಸರುಕಾಳು, ಪೇರಲೆಹಣ್ಣು, ಸಾಕಷ್ಟು ನೀರು ಇಟ್ಟುಕೊಳ್ಳಿ. ತೂಕ ಇಳಿಯಲಿ ಎಂದು ಭೇದಿ ಮಾತ್ರೆ ನುಂಗಬೇಡಿ. ಅದರಿಂದ ಹೋಗುವುದು ನೀರು ಮತ್ತು ಲವಣ ಮಾತ್ರ.

ಪ್ರಯಾಣ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಂಗಳೂರಿನಿಂದ ಬೀದರ್‌ಗೆ ಹೋದವರಿಗೆ, ಅಮೆರಿಕದಿಂದ ವಿಮಾನದಲ್ಲಿ ಊರಿಗೆ ಬಂದವರಿಗೆ ಪಾದ ಊದಿಕೊಂಡು ಚಪ್ಪಲಿ ಬಿಗಿಯಾಗುವುದು ಗೊತ್ತಿರುತ್ತದೆ. ನಿದ್ದೆಗೇಡು, ಹೊರಗಿನ ಊಟದ ಉಪ್ಪು, ಶೌಚದ ತೊಂದರೆ ಎಲ್ಲ ಅದಕ್ಕೆ ಸೇರಿಕೊಳ್ಳುತ್ತವೆ. ಊರು ಮುಟ್ಟಿ ಎರಡು ಮೂರು ದಿನ ಆಗುವ ತನಕ ತೂಕ ನೋಡದಿದ್ದರೂ ನಡೆಯುತ್ತದೆ.

ಉಪವಾಸ. ಇದು ಉಲ್ಟಾ ಕೆಲಸ ಮಾಡುತ್ತದೆ. ನಿರ್ಜಲ ಏಕಾದಶಿಯ ಮರುದಿನ ಬೆಳಗ್ಗೆ, ರಂಜಾನ್‌ನಲ್ಲಿ ಇಫ್ತಾರ್‌ಗೆ ಮುಂಚೆ ನೋಡಿದರೆ ಒಂದು ಕೆಜಿಯೋ ಅದಕ್ಕಿಂತ ಜಾಸ್ತಿಯೋ ಇಳಿದಿರುತ್ತದೆ. ಹೊಟ್ಟೆ ಖಾಲಿ, ನೀರು ಕಡಿಮೆ. ಆ ಅಂಕಿಯನ್ನು ನಿಮ್ಮ ಹೊಸ ತೂಕ ಎಂದು ಹಿಡಿದುಕೊಂಡರೆ ನಂತರದ ಪ್ರತಿ ದಿನವೂ ಏರಿದಂತೆಯೇ ಕಾಣುತ್ತದೆ.

ಔಷಧಿ. ಸ್ಟೆರಾಯ್ಡ್, ಇನ್ಸುಲಿನ್, ಸಕ್ಕರೆ ಕಾಯಿಲೆಗೆ ಕೊಡುವ ಪಯೋಗ್ಲಿಟಾಜೋನ್‌ನಂಥ ಔಷಧಿಗಳು ತೂಕ ಏರಿಸಬಹುದು. ಬಿಪಿಗೆ ಕೊಡುವ ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಹೊಸ ಮಾತ್ರೆ ಶುರುವಾದ ದಿನವನ್ನು ಕ್ಯಾಲೆಂಡರ್‌ನಲ್ಲಿ ಬರೆಯಿರಿ, ಡಾಕ್ಟರಿಗೆ ತೋರಿಸಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ಇಷ್ಟು ನೋಡಿದ ಮೇಲೂ ಅನುಮಾನ ಉಳಿದರೆ ಹೋಳಿಗೆ ಲೆಕ್ಕ ಹಾಕಿ. ಒಂದು ಹೋಳಿಗೆಗೆ 250 ಕ್ಯಾಲೊರಿ ಎಂದಿಟ್ಟುಕೊಳ್ಳೋಣ. ಒಂದೇ ದಿನದಲ್ಲಿ 1 ಕೆಜಿ ಕೊಬ್ಬು ಸೇರಬೇಕಾದರೆ ನಿಮ್ಮ ದಿನದ ಪೂರ್ತಿ ಊಟದ ಮೇಲೆ 30 ಹೋಳಿಗೆ ತಿಂದಿರಬೇಕು. ನೀವು ತಿಂದದ್ದು ಮೂರು. ಮೂರು ಹೋಳಿಗೆಯಿಂದ ಸೇರುವ ಕೊಬ್ಬು 100 ಗ್ರಾಂ ಕೂಡ ದಾಟುವುದಿಲ್ಲ.

## ಹಂತ 5: ಏರಿದ ದಿನ ಊಟ ಬದಲಿಸಬೇಡಿ

ಈ ಹಂತ ಚಿಕ್ಕದು. ಆದರೆ ಮೇಲಿನದೆಲ್ಲ ಗೊತ್ತಿದ್ದವರೂ ತಪ್ಪುವುದು ಇಲ್ಲೇ.

1. ಅಂಕಿ ಬರೆಯಿರಿ, ಕಾರಣ ಬರೆಯಿರಿ.
2. ನಿನ್ನೆ ಮಾಡಬೇಕೆಂದಿದ್ದ ತಿಂಡಿಯನ್ನೇ, ಅದೇ ಅಳತೆಯಲ್ಲಿ ತಿನ್ನಿ. ಎರಡು ಇಡ್ಲಿ ಎಂದಿದ್ದರೆ ಎರಡು ಇಡ್ಲಿ.
3. ನೀರು ಎಂದಿನಂತೆ ಕುಡಿಯಿರಿ.
4. ವಾಕಿಂಗ್ ಎಂದಿನಷ್ಟೇ. ಶಿಕ್ಷೆ ಕೊಟ್ಟುಕೊಳ್ಳುವಂತೆ ಎರಡು ಗಂಟೆ ಓಡಬೇಡಿ.
5. ಮೂರು ದಿನ ಕಾಯಿರಿ.

ಏರಿದ ದಿನ ಊಟ ಬಿಟ್ಟರೆ ಎರಡು ನಷ್ಟ. ಸಂಜೆಯ ಹಸಿವು ನಿಮ್ಮ ಕೈಮೀರುತ್ತದೆ. ಜೊತೆಗೆ, ಮೂರನೇ ದಿನ ನೀರು ತಾನಾಗಿ ಇಳಿದಾಗ "ಊಟ ಬಿಟ್ಟಿದ್ದಕ್ಕೇ ಇಳಿಯಿತು" ಎಂಬ ತಪ್ಪು ನಂಬಿಕೆ ಗಟ್ಟಿಯಾಗುತ್ತದೆ. ಮುಂದಿನ ಸಲವೂ ಅದನ್ನೇ ಮಾಡುತ್ತೀರಿ.

ಇಳಿದ ದಿನಕ್ಕೂ ಇದೇ ನಿಯಮ. 800 ಗ್ರಾಂ ಇಳಿದಿದೆ ಎಂದು ಮಸಾಲೆ ದೋಸೆಯ ಬಹುಮಾನ ಬೇಡ. ಮಸಾಲೆ ದೋಸೆ ತಿನ್ನಬೇಕು ಅನ್ನಿಸಿದರೆ ವಾರದ ಲೆಕ್ಕದೊಳಗೆ ಮೊದಲೇ ಜಾಗ ಇಟ್ಟು, ನೆಮ್ಮದಿಯಾಗಿ ತಿನ್ನಿ.

## ಹಂತ 6: ವಾರದ ಸರಾಸರಿ ತೆಗೆಯಿರಿ

ಏಳು ದಿನದ ಅಂಕಿ ಕೂಡಿಸಿ, ಏಳರಿಂದ ಭಾಗಿಸಿ. ಒಂದೆರಡು ದಿನ ತಪ್ಪಿದ್ದರೆ ಇದ್ದಷ್ಟು ದಿನದಿಂದ ಭಾಗಿಸಿ, ಆದರೆ ವಾರಕ್ಕೆ ಕನಿಷ್ಠ ನಾಲ್ಕು ಅಂಕಿ ಇರಲಿ. ಸರಾಸರಿಯನ್ನು ಭಾನುವಾರದ ಚೌಕದಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ ಬರೆದು ಸುತ್ತ ಗೆರೆ ಎಳೆಯಿರಿ. ಇನ್ನು ಮುಂದೆ ಹೋಲಿಸುವುದು ಸುತ್ತು ಹಾಕಿದ ಅಂಕಿಗಳನ್ನು ಮಾತ್ರ.

ಲೆಕ್ಕ ತಿಳಿಯಲು ಒಂದು ಉದಾಹರಣೆ ಮಾಡಿಕೊಳ್ಳೋಣ. ಸೋಮವಾರದಿಂದ ಭಾನುವಾರದ ತನಕ ಅಂಕಿಗಳು ಹೀಗಿವೆ:

ಮೊದಲ ವಾರ: 78.4, 78.1, 78.6, 78.0, 77.8, 77.9, 78.0. ಸರಾಸರಿ 78.1.

ಎರಡನೇ ವಾರ: 79.0, 78.3, 77.7, 77.5, 77.4, 77.2, 77.3. ಸರಾಸರಿ 77.8.

ಎರಡನೇ ಸೋಮವಾರ ಬೆಳಗ್ಗೆ ಏನಾಯಿತು ನೋಡಿ. ಭಾನುವಾರ ಮಧ್ಯಾಹ್ನ ಬೀಗರೂಟ, ಸೋಮವಾರ 79.0. ವಾರಕ್ಕೊಮ್ಮೆ, ಸೋಮವಾರ ಮಾತ್ರ ತೂಕ ನೋಡುವವರಾಗಿದ್ದರೆ 78.4 ಇದ್ದದ್ದು 79.0 ಆಗಿದೆ, 600 ಗ್ರಾಂ ಏರಿದೆ ಎಂದುಕೊಳ್ಳುತ್ತಿದ್ದರು. ಸರಾಸರಿ ಹೇಳುವುದು 300 ಗ್ರಾಂ ಇಳಿದಿದೆ ಎಂದು. ವಾರಕ್ಕೊಮ್ಮೆ ನೋಡಿದರೆ ಸಾಕು ಎಂಬ ಸಲಹೆ ತುಂಬ ಕಡೆ ಸಿಗುತ್ತದೆ. ಆ ಒಂದು ದಿನವೇ ಕೆಟ್ಟ ದಿನವಾಗಿದ್ದರೆ ವಾರದ ಶ್ರಮವೆಲ್ಲ ಮುಚ್ಚಿಹೋಗುತ್ತದೆ, ಅದಕ್ಕೇ ನನಗೆ ಆ ಸಲಹೆ ಒಪ್ಪಿಗೆಯಿಲ್ಲ.

ಮೂರನೇ ವಾರ ಮುಟ್ಟು ಹತ್ತಿರ ಬಂತು: 77.4, 77.5, 77.6, 77.9, 78.1, 78.0, 77.8. ಸರಾಸರಿ ಮತ್ತೆ 77.8. ವಾರವಿಡೀ ಏನೂ ಇಳಿದಿಲ್ಲ. ಡಯಟ್ ಬಿಡುವವರು ಬಿಡುವುದು ಇಂಥ ವಾರದಲ್ಲೇ.

ನಾಲ್ಕನೇ ವಾರ: 77.3, 76.9, 76.8, 76.7, 76.8, 76.6, 76.7. ಸರಾಸರಿ 76.8.

ಮೊದಲ ವಾರದಿಂದ ನಾಲ್ಕನೇ ವಾರಕ್ಕೆ 1.3 ಕೆಜಿ ಇಳಿಕೆ. ವಾರಕ್ಕೆ 430 ಗ್ರಾಂ. ದಿನಕ್ಕೆ ಸುಮಾರು 470 ಕ್ಯಾಲೊರಿ ಕೊರತೆ ಬಿದ್ದಿದೆ ಎಂದಾಯಿತು. ಊಟ ನಾಲ್ಕು ವಾರವೂ ಒಂದೇ ಥರ ಇತ್ತು. ಮೂರನೇ ವಾರವೂ ಕೊಬ್ಬು ಕರಗುತ್ತಿತ್ತು, ಅದರ ಜಾಗದಲ್ಲಿ ನೀರು ಕೂತಿತ್ತು ಅಷ್ಟೇ.

ಸೊಂಟದ ಅಳತೆಯನ್ನು ಎರಡು ವಾರಕ್ಕೊಮ್ಮೆ ತೆಗೆಯಿರಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯದಲ್ಲಿ ಟೇಪ್ ಸುತ್ತಿ. ಉಸಿರು ಸಹಜವಾಗಿ ಬಿಟ್ಟಾಗ ನೋಡಿ, ಹೊಟ್ಟೆ ಒಳಗೆಳೆಯಬೇಡಿ. ಪ್ಯಾಂಟ್ ಸೈಜ್ ಬೇರೆ, ಈ ಅಳತೆ ಬೇರೆ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಿದರೆ ಹೊಟ್ಟೆಯ ಬೊಜ್ಜು ಎಂದು ಲೆಕ್ಕ. ತೂಕ ನಿಂತು ಸೊಂಟ ಇಳಿಯುತ್ತಿದ್ದರೆ ದಾರಿ ಸರಿಯಿದೆ.

## ಹಂತ 7: ನಾಲ್ಕು ವಾರ ಆದ ಮೇಲೆ ಮಾತ್ರ ತೀರ್ಮಾನ

ನಾಲ್ಕು ಸರಾಸರಿ ಕೈಯಲ್ಲಿ ಇಲ್ಲದೆ ಊಟದ ಅಳತೆ ಬದಲಿಸಬೇಡಿ. ಹೆಂಗಸರು ಹೋದ ತಿಂಗಳ ಅದೇ ವಾರಕ್ಕೆ ಹೋಲಿಸಿ. ಮುಟ್ಟು ಮುಗಿದ ವಾರವನ್ನು ಹೋದ ಸಲ ಮುಗಿದ ವಾರದ ಜೊತೆ. ಕ್ಯಾಲೆಂಡರ್‌ನ ಚುಕ್ಕೆ ಈಗ ಕೆಲಸಕ್ಕೆ ಬರುತ್ತದೆ.

ವಾರಕ್ಕೆ ಅರ್ಧ ಕೆಜಿ ಆಚೀಚೆ ಇಳಿಯುತ್ತಿದ್ದರೆ ಏನೂ ಮುಟ್ಟಬೇಡಿ. ಇನ್ನೂ ಬೇಗ ಇಳಿಯಲಿ ಎಂಬ ಆಸೆಗೆ ಒಂದು ಹೊತ್ತು ಬಿಡಬೇಡಿ.

ಮೊದಲೆರಡು ವಾರದ ನಂತರವೂ ವಾರಕ್ಕೆ 1 ಕೆಜಿಗಿಂತ ಜಾಸ್ತಿ ಇಳಿಯುತ್ತಿದ್ದರೆ ಊಟ ಸ್ವಲ್ಪ ಹೆಚ್ಚಿಸಿ. ಬೇಳೆ, ಕಾಳು, ಮೊಟ್ಟೆ, ಮೊಸರಿನಿಂದ ಹೆಚ್ಚಿಸಿ. ತೀರಾ ವೇಗವಾಗಿ ಇಳಿದರೆ ಸ್ನಾಯುವೂ ಕರಗುತ್ತದೆ, ಕೂದಲು ಉದುರುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯೂ ಹೆಚ್ಚುತ್ತದೆ.

ನಾಲ್ಕು ವಾರ ಸರಾಸರಿಯೂ ಅಲುಗದೆ, ಸೊಂಟವೂ ಇಳಿಯದೆ ಇದ್ದರೆ ಆಗ ನಿಜವಾಗಿ ನಿಂತಿದೆ ಎಂದರ್ಥ. ಅನ್ನ ಕಡಿಮೆ ಮಾಡುವ ಮೊದಲು ಇವನ್ನು ನೋಡಿ:

- ಎಣ್ಣೆ. ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ. ಒಗ್ಗರಣೆಗೆ ಬಾಟಲಿಯಿಂದ ನೇರ ಸುರಿಯುವ ಮನೆಯಲ್ಲಿ ಎಷ್ಟು ಬಿತ್ತು ಎಂದು ಯಾರಿಗೂ ಗೊತ್ತಿರುವುದಿಲ್ಲ. ತಿಂಗಳಿಗೆ ಎಷ್ಟು ಲೀಟರ್ ಖಾಲಿಯಾಯಿತು, ಮನೆಯಲ್ಲಿ ಎಷ್ಟು ಜನ ಎಂದು ಭಾಗಿಸಿದರೆ ಅಂದಾಜು ಸಿಗುತ್ತದೆ.
- ಕಾಫಿ, ಟೀ. ಒಂದು ಸಣ್ಣ ಚಮಚ ಸಕ್ಕರೆಗೆ 20 ಕ್ಯಾಲೊರಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ 160, ಹಾಲು ಬೇರೆ.
- ಸಂಜೆಯ ಖಾರ, ಮಿಕ್ಸ್ಚರ್, ಕಡಲೆಬೀಜ. ಟಿವಿ ಮುಂದೆ ಡಬ್ಬಿ ತೆರೆದು ಕೂತರೆ ಅಳತೆ ಇರುವುದಿಲ್ಲ.
- ಶನಿವಾರ, ಭಾನುವಾರ. ಐದು ದಿನ ಉಳಿಸಿದ್ದು ಎರಡು ದಿನದಲ್ಲಿ ಸಮ ಆಗಿಬಿಡಬಹುದು.

ಇವುಗಳಲ್ಲಿ ಒಂದನ್ನು ಮಾತ್ರ ಬದಲಿಸಿ. ದಿನಕ್ಕೆ 200-300 ಕ್ಯಾಲೊರಿ ಕಡಿಮೆಯಾದರೆ ಸಾಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಇಳಿಯಿತು ಎಂಬುದು ತಿಳಿಯುವುದಿಲ್ಲ. ಮತ್ತೆ ನಾಲ್ಕು ವಾರ ನೋಡಿ. ತೂಕ ಇಳಿದಂತೆ ದೇಹಕ್ಕೆ ಬೇಕಾಗುವ ಕ್ಯಾಲೊರಿಯೂ ಕಡಿಮೆಯಾಗುತ್ತದೆ. 90 ಕೆಜಿ ಇದ್ದಾಗ ಇಳಿಸಿದ ಊಟ 78ಕ್ಕೆ ಬಂದಾಗ ಇಳಿಸದೆ ಇರಬಹುದು. ಇದರಲ್ಲಿ ನಿಮ್ಮ ತಪ್ಪೇನಿಲ್ಲ.

## ಎಚ್ಚರಿಕೆಯ ಚಿಹ್ನೆಗಳು: ಯಾವಾಗ ಡಾಕ್ಟರ ಬಳಿ ಹೋಗಬೇಕು

ಏರಿಳಿತ ಸಹಜ ಎಂದು ಇಷ್ಟು ಹೊತ್ತು ಹೇಳಿದೆ. ಸಹಜವಲ್ಲದವೂ ಇವೆ. ಅವನ್ನು "ನೀರು ಬಿಡಿ" ಎಂದು ತಳ್ಳಿಹಾಕಬಾರದು.

ಒಂದೇ ದಿನದಲ್ಲಿ ಒಂದೂವರೆ ಕೆಜಿ ಅಥವಾ ವಾರದಲ್ಲಿ 2 ಕೆಜಿಗಿಂತ ಹೆಚ್ಚು ಏರಿ, ಜೊತೆಗೆ ಕಾಲು ಊದಿ, ಮಲಗಿದರೆ ಉಸಿರು ಕಟ್ಟುವಂತಾದರೆ ತಡ ಮಾಡಬೇಡಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರಬಹುದು. ಊದಿದ ಕಾಲನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಗುಳಿ ಹಾಗೇ ಉಳಿದರೆ ಅಲ್ಲಿ ನೀರು ತುಂಬಿದೆ ಎಂದರ್ಥ. ಮೊದಲೇ ಹೃದಯದ ಕಾಯಿಲೆ ಇರುವವರು ದಿನಾ ತೂಕ ನೋಡುವುದು ಡಯಟ್‌ಗಾಗಿ ಅಲ್ಲ, ಇದಕ್ಕಾಗಿಯೇ. ಅವರಿಗೆ ಡಾಕ್ಟರು ಹೇಳಿದ ಮಿತಿಯೇ ಮಿತಿ.

ಗರ್ಭಿಣಿಯರು ತೂಕ ಇಳಿಸಲು ಹೋಗಬಾರದು. ಐದನೇ ತಿಂಗಳ ನಂತರ ತೂಕ ದಿಢೀರ್ ಏರಿ, ಮುಖ ಕೈ ಊದಿ, ತಲೆನೋವು ಬಂದು, ಕಣ್ಣು ಮಂಜಾದರೆ ಅವತ್ತೇ ಆಸ್ಪತ್ರೆಗೆ ಹೋಗಿ ಬಿಪಿ ನೋಡಿಸಿ.

ಏನೂ ಪ್ರಯತ್ನ ಮಾಡದೆ ಆರು ತಿಂಗಳು, ಒಂದು ವರ್ಷದೊಳಗೆ ನೂರಕ್ಕೆ ಐದರಷ್ಟು ತೂಕ ಇಳಿದರೆ, ಅಂದರೆ 70 ಕೆಜಿಯವರು 3.5 ಕೆಜಿ ಕಳೆದುಕೊಂಡರೆ, ಸಂತೋಷ ಪಡುವ ಮೊದಲು ತಪಾಸಣೆ ಮಾಡಿಸಿ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ, ಇನ್ನೂ ಗಂಭೀರವಾದವು ಹೀಗೆ ಶುರುವಾಗುತ್ತವೆ. ಅದೇ ರೀತಿ ಸುಸ್ತು, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಒಣ ಚರ್ಮ ಎಲ್ಲ ಸೇರಿ ತಿಂಗಳುಗಟ್ಟಲೆ ತೂಕ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಇನ್ನೊಂದು ಚಿಹ್ನೆ ಮಷೀನ್‌ನಲ್ಲಿ ಕಾಣುವುದಿಲ್ಲ. ಬೆಳಗಿನ ಅಂಕಿ ನೋಡಿ ಇಡೀ ದಿನ ಮನಸ್ಸು ಕೆಡುತ್ತಿದ್ದರೆ, ಊಟ ಮಾಡಲು ಭಯವಾಗುತ್ತಿದ್ದರೆ, ತಿಂದದ್ದನ್ನು ವಾಂತಿ ಮಾಡಬೇಕು ಅನ್ನಿಸುತ್ತಿದ್ದರೆ, ದಿನಾ ತೂಕ ನೋಡುವ ಈ ಕ್ರಮ ನಿಮಗೆ ಬೇಡ. ಹದಿಹರೆಯದ ಮಕ್ಕಳ ವಿಷಯದಲ್ಲಿ ಅಪ್ಪ ಅಮ್ಮ ಇದನ್ನು ಗಮನಿಸಿ. ಮಷೀನ್ ಅಟ್ಟದ ಮೇಲಿಡಿ, ಸೊಂಟದ ಅಳತೆಯೂ ಬೇಡ, ಮನೋವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ಕಾಣಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.